ಮಲೇಷ್ಯಾದ ಮುಳ್ಳುಕಾಯಿ ಮರ ಹೆಬ್ರಿಯಲ್ಲಿ ಬೆಳೆದೀತೇ?

ಪ್ರಶ್ನೆ: ಹೆಬ್ರಿ ಹತ್ತಿರ ನಮ್ಮದು ಒಂದೂವರೆ ಎಕರೆ ಹಳೇ ರಬ್ಬರ್ ತೋಟ ಇತ್ತು. ಹಾಲು ಕಡಿಮೆಯಾಯಿತೆಂದು ಕಳೆದ ವರ್ಷ ಕಡಿಸಿದೆವು. ಜಾಗ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ, ಕೆಳಗಿನ ಭಾಗದಲ್ಲಿ ಮಾತ್ರ ಒಳ್ಳೆಯ ಮಣ್ಣಿದೆ. ಬೋರ್‌ವೆಲ್ ಇದೆ, ಆದರೆ ಏಪ್ರಿಲ್ ಬಂತೆಂದರೆ ಅಡಿಕೆಗೇ ನೀರು ಸಾಲದು. ಮಗಳು, ಅಳಿಯ ಮಲೇಷ್ಯಾದಲ್ಲಿದ್ದಾರೆ. ಅಲ್ಲಿಗೆ ಹೋದಾಗ ಸಂತೆಯಲ್ಲಿ ‘ಬೆರಂಗಾನ್’ ಎಂಬ ಕಾಯಿ ತಿಂದೆ. ಹೊರಗೆ ಮುಳ್ಳು, ಒಳಗೆ ಕಂದು ಬೀಜ. ಬೇಯಿಸಿದರೆ ಹಲಸಿನ ಬೀಜದ ರುಚಿ, ಸ್ವಲ್ಪ ಸಿಹಿ ಜಾಸ್ತಿ. ಅಲ್ಲಿನ ಮಳೆಕಾಡಿನ ಮರವಂತೆ, ಓಕ್ ಕುಟುಂಬದ್ದಂತೆ. ಮಳೆ ನಮ್ಮಲ್ಲೇ ಜಾಸ್ತಿ, ಹಾಗಾದರೆ ಇಲ್ಲಿ ಯಾಕೆ ಬೆಳೆಯಬಾರದು? ಇಲ್ಲಿಯ ಒಂದು ನರ್ಸರಿಯಲ್ಲಿ ‘ಚೆಸ್ಟ್‌ನಟ್’ ಗಿಡ 450 ರೂಪಾಯಿಗೆ ಇದೆ, ನೀವು ಹೇಳುವುದು ಇದೇ ಅನ್ನುತ್ತಾರೆ. ಫೋಟೋ ಕಳಿಸಿದ್ದೇನೆ. ಓಕ್ ಜಾತಿ ಹಾಕಿದರೆ ಬಾವಿ ಬತ್ತುತ್ತದೆ, ಅಡಿಯಲ್ಲಿ ಏನೂ ಹುಟ್ಟುವುದಿಲ್ಲ ಎಂದು ನೆರೆಯವರೊಬ್ಬರು ಹೆದರಿಸಿದ್ದಾರೆ. ವಾಟ್ಸ್ಯಾಪ್‌ನಲ್ಲಿ ಬಂದ ಒಂದು ಮೆಸೇಜಿನಲ್ಲಿ ಐದೇ ವರ್ಷಕ್ಕೆ ಫಸಲು, ಶುಗರ್ ಇರುವವರಿಗೂ ಒಳ್ಳೆಯದು ಎಂದಿತ್ತು. ಮುಂದಿನ ತಿಂಗಳು ಅಳಿಯ ಊರಿಗೆ ಬರುತ್ತಾರೆ. ಎರಡು ಕಿಲೋ ಬೀಜ ತರಿಸಲೇ?
(ಹೆಬ್ರಿ ಸಮೀಪದ ಓದುಗರೊಬ್ಬರು)

ಉತ್ತರ: ಮೊದಲು ಅಳಿಯನಿಗೆ ಒಂದು ಫೋನ್ ಮಾಡಿ, ಬೀಜ ತರುವುದು ಬೇಡ ಎಂದುಬಿಡಿ. ಕಾರಣ ಕೆಳಗೆ ಹೇಳುತ್ತೇನೆ. ನಿಮ್ಮ ಪ್ರಶ್ನೆ ದೊಡ್ಡದಿದೆ, ಉತ್ತರ ಉದ್ದವಾಗುತ್ತದೆ. ಅಷ್ಟರಲ್ಲಿ ಅವರು ಚೀಲ ಕಟ್ಟಿ ಹೊರಡುವ ಹಾಗೆ ಆಗಬಾರದು.

ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಜಾಗ ಖಾಲಿ ಬಿದ್ದಿದೆ. ರಬ್ಬರ್ ಮತ್ತೆ ಹಾಕುವ ಮನಸ್ಸಿಲ್ಲ, ಅಡಿಕೆ ಹಾಕಲು ನೀರಿಲ್ಲ. ಮರ ಎಂದ ಮೇಲೆ ತಪ್ಪಿದರೆ ಹತ್ತು ವರ್ಷ ಹೋಯಿತು. ಹೊಸದೇನಾದರೂ ಹಾಕಿ ನೋಡೋಣ ಎನ್ನುವ ಆಸೆ, ಅದರ ಜೊತೆಗೇ ಹೆದರಿಕೆ. ಕರಾವಳಿಯಲ್ಲಿ ರಬ್ಬರ್ ಕಡಿಸಿದವರು ಹಲವರು ಈಗ ಇದೇ ಯೋಚನೆಯಲ್ಲಿದ್ದಾರೆ.

ನರ್ಸರಿ ಗಿಡದಿಂದ ಶುರು ಮಾಡೋಣ. ಫೋಟೋ ದೊಡ್ಡದು ಮಾಡಿ ನೋಡಿದೆ. ಉದ್ದದ ಒಂದು ತೊಟ್ಟು, ಅದರ ತುದಿಯಿಂದ ಆರು ಎಲೆಗಳು ಸುತ್ತಲೂ ಹರಡಿವೆ. ಕಾಂಡ ಹಸಿರು, ಬುಡ ಸ್ವಲ್ಪ ಊದಿದೆ. ಇದು ಬೆರಂಗಾನ್ ಅಲ್ಲ, ಅದರ ದೂರದ ನೆಂಟನೂ ಅಲ್ಲ. ಇದು ಪಚೀರಾ. ಬೂರುಗದ ಬಳಗದ ಗಿಡ. ಬೂರುಗದ ಎಲೆಯ ಪಕ್ಕ ಇಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ. ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ. ವ್ಯಾಪಾರದಲ್ಲಿ ‘ಮಲಬಾರ್ ಚೆಸ್ಟ್‌ನಟ್’ ಎನ್ನುತ್ತಾರೆ, ಮಲಬಾರಿಗೂ ಅದಕ್ಕೂ ಸಂಬಂಧವಿಲ್ಲ. ಮಂಗಳೂರಿನ ಅಂಗಡಿಗಳಲ್ಲಿ ಮೂರು ನಾಲ್ಕು ಕಾಂಡ ಜಡೆ ಹಾಕಿ ‘ಮನಿ ಟ್ರೀ’ ಎಂದು ಕುಂಡದಲ್ಲಿ ಮಾರುತ್ತಾರಲ್ಲ, ಅದೂ ಇದೇ ಪಚೀರಾ. ನರ್ಸರಿಯವರು ಬೇಕೆಂದೇ ಮೋಸ ಮಾಡಿದ್ದಾರೆ ಎಂದು ನಾನು ಹೇಳುವುದಿಲ್ಲ. ಗಿಡ ಬರುವಾಗಲೇ ಆ ಹೆಸರಿನ ಚೀಟಿ ಅಂಟಿಸಿಕೊಂಡು ಬರುತ್ತದೆ. ಬೀಜ ಹುರಿದು ತಿನ್ನಬಹುದು, ಹಸಿಯಾಗಿ ತಿನ್ನುವುದು ಬೇಡ. ಮನೆ ಹಿಂದೆ ಒಂದು ನೆಡಲು ಅಡ್ಡಿಯಿಲ್ಲ. ಆದರೆ ಒಂದೂವರೆ ಎಕರೆಗೆ 450 ರೂಪಾಯಿಯ ಗಿಡ ತುಂಬಿಸುವಷ್ಟು ದೊಡ್ಡ ಬೆಳೆ ಅದಲ್ಲ.

ನಿಜವಾದ ಬೆರಂಗಾನ್ ಮರದ ಎಲೆ ಬೇರೆಯೇ. ಕೊಂಬೆಯಲ್ಲಿ ಒಂದೊಂದೇ ಎಲೆ, ಆಚೆ ಒಂದು ಈಚೆ ಒಂದು. ದಪ್ಪ, ತೊಗಲಿನ ಹಾಗೆ ಗಟ್ಟಿ. ಹಲವು ಜಾತಿಗಳಲ್ಲಿ ಎಲೆಯ ಅಡಿಭಾಗ ಬೆಳ್ಳಿ ಬಣ್ಣ ಅಥವಾ ಕಂದು ಹೊಂಬಣ್ಣದ ಹೊಳಪು. ಕಾಯಿಯ ಮುಳ್ಳಿನ ಕವಚ ಬಿರಿದಾಗ ಒಳಗೆ ಒಂದರಿಂದ ಮೂರು ಬೀಜ. ಬೀಜದ ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಹೊಳಪಿಲ್ಲದ, ಮಾಸಲು ಬಣ್ಣದ ಅಗಲ ಗುರುತು. ಕವಚಕ್ಕೆ ಬೀಜ ಅಂಟಿಕೊಂಡಿದ್ದ ಜಾಗ ಅದು. ಈ ಗುರುತು ಮತ್ತು ಕವಚ, ಎರಡೂ ನೋಡಿದರೆ ಕುಟುಂಬ ಯಾವುದೆಂಬ ಸಂಶಯ ಉಳಿಯುವುದಿಲ್ಲ. ಜಾತಿ ಯಾವುದೆಂದು ಹೇಳುವುದು ಮಾತ್ರ ಕಷ್ಟ. ಮಲೇಷ್ಯಾದಲ್ಲಿ ಈ ಗುಂಪಿನ ಹಲವು ಮರಗಳಿಗೆ ಬೆರಂಗಾನ್ ಎಂದೇ ಹೇಳುತ್ತಾರೆ. ಸಂತೆಯಲ್ಲಿ ನೀವು ತಿಂದದ್ದು ಅವುಗಳಲ್ಲಿ ಯಾವುದೂ ಆಗಿರಬಹುದು.

ಶಾಸ್ತ್ರೀಯವಾಗಿ ಇವು ಕ್ಯಾಸ್ಟನಾಪ್ಸಿಸ್ ಗುಂಪಿನ ಮರಗಳು, ಫ್ಯಾಗೇಸಿ ಕುಟುಂಬ. ಬೀಚ್, ಓಕ್, ಚೆಸ್ಟ್‌ನಟ್ ಎಲ್ಲ ಇದೇ ಮನೆಯವು. ಓಕ್ ಎಂದ ಕೂಡಲೇ ನಮಗೆ ಹಿಮ ಬೀಳುವ ದೇಶ ನೆನಪಾಗುತ್ತದೆ, ಅಲ್ವಾ? ಆದರೆ ಈ ಕುಟುಂಬದ ದೊಡ್ಡ ಪಾಲು ಇರುವುದು ಆಗ್ನೇಯ ಏಷ್ಯಾದ ಬಿಸಿ ಕಾಡುಗಳಲ್ಲಿ. ಕ್ಯಾಸ್ಟನಾಪ್ಸಿಸ್‌ನಲ್ಲಿ 120ಕ್ಕೂ ಜಾಸ್ತಿ ಜಾತಿಗಳಿವೆ. ಅದರ ನೆಂಟ ಗುಂಪು ಲಿಥೋಕಾರ್ಪಸ್‌ನಲ್ಲಿ 300ಕ್ಕೂ ಜಾಸ್ತಿ. ಬೋರ್ನಿಯೋ, ಸುಮಾತ್ರ, ಮಲೇಷ್ಯಾದ ಗುಡ್ಡಗಳನ್ನು ಹತ್ತುತ್ತಾ ಹೋದರೆ ಒಂದು ಎತ್ತರದ ಮೇಲೆ ಓಕ್ ಬಳಗದ್ದೇ ದರ್ಬಾರು. ಇನ್ನೊಂದು ಮಾತು, ಪ್ರಶ್ನೆಗೆ ಸಂಬಂಧವಿಲ್ಲದಿದ್ದರೂ ಹೇಳಿಬಿಡುತ್ತೇನೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ನೋಡಿ ‘ಓಕ್ ನಮ್ಮಲ್ಲೇ ಬೆಳೆಯುತ್ತದಲ್ಲ’ ಎನ್ನುವವರಿದ್ದಾರೆ. ಅದು ಆಸ್ಟ್ರೇಲಿಯಾದ ಮರ, ಹೆಸರಿನಲ್ಲಿ ಮಾತ್ರ ಓಕ್.

ಈಗ ನಿಜವಾದ ಪ್ರಶ್ನೆ. ಅಲ್ಲಿಯೂ ಮಳೆಕಾಡು, ಇಲ್ಲಿಯೂ ಮಳೆಕಾಡು. ಹೆಬ್ರಿಯಿಂದ ಘಾಟಿ ಹತ್ತಿದರೆ ಆಗುಂಬೆ, ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು. ಹಾಗಿದ್ದೂ ಓಕ್ ಕುಟುಂಬದ ಒಂದೇ ಒಂದು ಮರ ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆದಿಲ್ಲ. ಘಟ್ಟ ಮಾತ್ರವಲ್ಲ, ಇಡೀ ದಕ್ಷಿಣ ಭಾರತ, ಶ್ರೀಲಂಕಾ ಎಲ್ಲಿಯೂ ಇಲ್ಲ. ಹಿಮಾಲಯದಲ್ಲಿದೆ, ಮೇಘಾಲಯ, ಅಸ್ಸಾಂ, ಅರುಣಾಚಲದಲ್ಲಿ ಧಾರಾಳವಾಗಿದೆ. ಅಲ್ಲಿಂದ ಈಚೆಗೆ ಬಂದಿಲ್ಲ.

ಯಾಕೆ ಬಂದಿಲ್ಲ ಎನ್ನುವುದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ದಾರಿಯ ತೊಂದರೆ. ಭಾರತದ ಭೂಭಾಗ ದಕ್ಷಿಣದಿಂದ ತೇಲಿ ಬಂದು ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ತಾಗಿತು. ಓಕ್ ಬಳಗ ಉತ್ತರ ದಿಕ್ಕಿನದ್ದು ಎಂದು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಇವುಗಳ ಬೀಜ ಭಾರ. ಗಾಳಿಯಲ್ಲಿ ಹಾರುವುದಿಲ್ಲ, ಒಣಗಿದರೆ ಸಾಯುತ್ತದೆ. ಅಳಿಲು, ಇಲಿ ಹೊತ್ತುಕೊಂಡು ಹೋಗಿ ಹೂತಿಟ್ಟು ಮರೆತರೆ ಮಾತ್ರ ಸ್ವಲ್ಪ ಮುಂದೆ ಸಾಗುತ್ತದೆ. ಹಾಗೆ ಸಾಗಿ ಮಧ್ಯ ಭಾರತದ ಒಣ ಬಯಲು ದಾಟುವುದು ಅದರ ಕೈಲಾಗುವ ಕೆಲಸವಲ್ಲ. ಆದರೆ ಈ ಕಥೆಯಲ್ಲೂ ತಕರಾರಿದೆ. ಅರ್ಜೆಂಟೀನಾದ ಪಟಗೋನಿಯಾದಲ್ಲಿ ಸಿಕ್ಕಿದ 5.2 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಕೆಲವು ವಿಜ್ಞಾನಿಗಳು 2019ರಲ್ಲಿ ಕ್ಯಾಸ್ಟನಾಪ್ಸಿಸ್ ಎಂದೇ ವರ್ಣಿಸಿದರು. ಹಾಗಾದರೆ ಈ ಮರ ದಕ್ಷಿಣದಲ್ಲೂ ಇತ್ತಲ್ಲ ಎಂಬ ಚರ್ಚೆ ಶುರುವಾಯಿತು. ಅದು ಅವರವರಲ್ಲಿ ತೀರ್ಮಾನವಾಗಲಿ. ನಿಮ್ಮ ಗುಡ್ಡೆಗೆ ಬೇಕಾದದ್ದು ಎರಡನೆಯ ಉತ್ತರ.

ಎರಡನೆಯದು ಬೇಸಿಗೆ. ಕ್ವಾಲಾಲಂಪುರದಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಉಡುಪಿ, ಮಂಗಳೂರಿನಲ್ಲಿ 4,000ದ ಆಸುಪಾಸು. ಲೆಕ್ಕದಲ್ಲಿ ನಾವೇ ಮುಂದೆ, ನೀವು ಹೇಳಿದ್ದು ಸರಿ. ಆದರೆ ಅಲ್ಲಿ ಅತಿ ಕಡಿಮೆ ಮಳೆಯ ತಿಂಗಳಲ್ಲೂ ಸರಾಸರಿ 100 ಮಿಲಿಮೀಟರ್ ಮೀರಿ ಬೀಳುತ್ತದೆ. ನಮ್ಮಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಜಾಸ್ತಿ ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಆಕಾಶ ನೋಡುವುದೇ ಕೆಲಸ. ತಿಂಗಳಿಗೆ 100 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬಿದ್ದರೆ ಮಳೆಕಾಡಿನ ಮರಕ್ಕೆ ಅದು ಒಣ ತಿಂಗಳು ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ನಮಗೆ ವರ್ಷಕ್ಕೆ ಕನಿಷ್ಠ ಐದು ಒಣ ತಿಂಗಳು, ಅವರಿಗೆ ಸಾಮಾನ್ಯ ವರ್ಷದಲ್ಲಿ ಒಂದೂ ಇಲ್ಲ.

ಜುಲೈಯಲ್ಲಿ ಎಷ್ಟೇ ಸುರಿಯಲಿ, ಮುರಕಲ್ಲು ಅದನ್ನು ಮಾರ್ಚ್‌ಗೆ ಇಟ್ಟುಕೊಡುವುದಿಲ್ಲ. ಮೇಲೆ ಅರ್ಧ ಅಡಿ ಮಣ್ಣು, ಕೆಳಗೆ ಗಟ್ಟಿ ಪದರ. ನೀರು ಸೀದಾ ತೋಡಿಗೆ. ಇನ್ನೊಂದು ಕಡೆ ಮಳೆಗಾಲದಲ್ಲಿ ಅದೇ ಪದರದ ಮೇಲೆ ನೀರು ನಿಂತು ಬೇರು ಉಸಿರು ಕಟ್ಟುತ್ತದೆ. ಅಂದರೆ ಈ ಮರಕ್ಕೆ ಇಲ್ಲಿ ಎರಡೂ ಕಡೆಯಿಂದ ಪೆಟ್ಟು. ಅಡಿಕೆಯ ಕೊಳೆರೋಗ ನಿಮಗೆ ಗೊತ್ತೇ ಇದೆ. ಅದನ್ನು ತರುವ ಫೈಟಾಫ್ತೊರಾ ಎಂಬ ರೋಗಾಣುವಿನ ಬಳಗದ್ದೇ ಇನ್ನೊಂದು ಜಾತಿ ಚೆಸ್ಟ್‌ನಟ್ ಮರಗಳ ಬೇರು ಕೊಳೆಸುವುದರಲ್ಲಿ ಹೆಸರುವಾಸಿ. ನೀರು ನಿಲ್ಲುವ ಜಾಗ ಅದಕ್ಕೆ ಬಹಳ ಇಷ್ಟ.

ಹಾಗಾದರೆ ರಂಬುಟಾನ್, ಮ್ಯಾಂಗೋಸ್ಟಿನ್ ಹೇಗೆ ಬಂದವು ಎಂದು ನೀವು ಕೇಳಬಹುದು. ಅವೂ ಅದೇ ಕಡೆಯ ಮಳೆಕಾಡಿನವು, ನಮ್ಮ ಕರಾವಳಿಯ ತೋಟಗಳಲ್ಲಿ ಈಗ ಹಣ್ಣು ಕೊಡುತ್ತಿವೆ. ಗೇರು ಬ್ರೆಜಿಲ್‌ನಿಂದ ಬಂತು, ರಬ್ಬರ್ ಅಮೆಜಾನ್‌ನಿಂದ. ಹೊರಗಿನ ಮರ ಇಲ್ಲಿ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ರಂಬುಟಾನ್ ತೋಟ ಮಾಡಿದವರನ್ನು ಕೇಳಿ ನೋಡಿ, ಬೇಸಿಗೆಯಲ್ಲಿ ನೀರು ಬಿಡದೆ ಯಾರೂ ಹಣ್ಣು ತಿಂದಿಲ್ಲ. ರಂಬುಟಾನಿಗೆ ಕಸಿ ಗಿಡ ಉಂಟು, ತಳಿ ಉಂಟು, ಮಾರುಕಟ್ಟೆ ಉಂಟು. ಬೆರಂಗಾನ್‌ಗೆ ಇಲ್ಲಿ ಇದು ಯಾವುದೂ ಇಲ್ಲ. ನಿಮಗೆ ಏಪ್ರಿಲ್‌ನಲ್ಲಿ ಅಡಿಕೆಗೇ ನೀರು ಸಾಲುವುದಿಲ್ಲ ಎಂದು ನೀವೇ ಬರೆದಿದ್ದೀರಿ. ನನ್ನ ಮಟ್ಟಿಗೆ ಪ್ರಶ್ನೆ ಅಲ್ಲಿಗೇ ಅರ್ಧ ಮುಗಿಯಿತು.

ಬೇರಿನದ್ದು ಇನ್ನೊಂದು ವಿಷಯ ಇದೆ, ಇದನ್ನು ನರ್ಸರಿಯಲ್ಲಿ ಯಾರೂ ಹೇಳುವುದಿಲ್ಲ. ಓಕ್ ಬಳಗದ ಮರಗಳು ಒಂಟಿಯಾಗಿ ಬದುಕುವುದಿಲ್ಲ. ಬೇರಿನ ತುದಿಗೆ ಕೆಲವು ಬಗೆಯ ಶಿಲೀಂಧ್ರಗಳು ಒಂದು ತೆಳು ಕವಚ ಹೊದಿಸುತ್ತವೆ. ಮರ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಮರಕ್ಕೆ ರಂಜಕ, ನೀರು ಹುಡುಕಿ ತರುತ್ತದೆ. ರಬ್ಬರ್, ಅಡಿಕೆಯ ಬೇರಿನಲ್ಲಿ ಇರುವುದು ಬೇರೆ ತರಹದ ಶಿಲೀಂಧ್ರ. ಹಾಗಾಗಿ ನಿಮ್ಮ ಹಳೇ ರಬ್ಬರ್ ಜಾಗದಲ್ಲಿ ಬೇಕಾದ ಜೊತೆಗಾರ ಸಿಗದೆ ಸಸಿ ಹಳದಿಯಾಗಿ ಬೆಳೆಯದೆ ಕೂತರೆ ಆಶ್ಚರ್ಯವಿಲ್ಲ. ನಮ್ಮ ಕಾಡಿನಲ್ಲಿ ಆ ಜಾತಿಯ ಶಿಲೀಂಧ್ರವೇ ಇಲ್ಲ ಎಂದಲ್ಲ. ಕಿರಾಲ್‌ಬೋಗಿ, ಧೂಪದ ಮರಗಳಿಗೂ ಇದೇ ಬಗೆಯ ಒಪ್ಪಂದ ಇದೆ. ಮೊದಲ ಮಳೆ ಬಿದ್ದ ಮೇಲೆ ಕಾರ್ಕಳ, ಉಡುಪಿ ಕಡೆ ಒಳ್ಳೆ ರೇಟಿಗೆ ಮಾರುವ ಕಲ್ಲಣಬೆ, ತುಳುವಿನಲ್ಲಿ ಕಲ್ಲಲಾಂಬು, ಅದೂ ಹೀಗೆ ಮರದ ಬೇರನ್ನು ನೆಚ್ಚಿಕೊಂಡ ಶಿಲೀಂಧ್ರವೇ. ಗೊಬ್ಬರ ಹಾಕಿ ಅದನ್ನು ತೋಟದಲ್ಲಿ ಬೆಳೆಸಲು ಆಗದಿರುವುದಕ್ಕೆ ಇದೇ ಕಾರಣ.

ನೆರೆಯವರ ಮಾತಿಗೆ ಬರುತ್ತೇನೆ. ಬಾವಿ ಬತ್ತುತ್ತದೆ ಎಂಬುದಕ್ಕೆ ಆಧಾರವಿಲ್ಲ. ದೊಡ್ಡ ಎಲೆಯ, ಯಾವಾಗಲೂ ಹಸಿರಾಗಿರುವ ಯಾವ ಮರವಾದರೂ ನೀರು ಕುಡಿಯುತ್ತದೆ, ಮಾವೂ ಕುಡಿಯುತ್ತದೆ, ಹಲಸೂ ಕುಡಿಯುತ್ತದೆ. ಒಂದೂವರೆ ಎಕರೆಯಲ್ಲಿ ಹತ್ತು ಮರದಿಂದ ಬಾವಿಗೆ ಏನೂ ಆಗುವುದಿಲ್ಲ. ಬಾವಿ ಬತ್ತಿಸುವುದು ನಿಮ್ಮ ಸುತ್ತಲಿನ ಬೋರ್‌ವೆಲ್‌ಗಳು. ಅಡಿಯಲ್ಲಿ ಏನೂ ಹುಟ್ಟುವುದಿಲ್ಲ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಮರ ದೊಡ್ಡದಾದ ಮೇಲೆ ನೆರಳು ದಟ್ಟ. ಎಲೆಯಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಇರುವುದರಿಂದ ಉದುರಿದ ತರಗೆಲೆ ನಿಧಾನಕ್ಕೆ ಕರಗುತ್ತದೆ. ಹುಲ್ಲು ಬರುವುದಿಲ್ಲ, ತರಕಾರಿ ಆಗುವುದಿಲ್ಲ. ಆದರೆ ಕಾಡಿನಲ್ಲಿ ಇದೇ ಮರದ ಅಡಿಯಲ್ಲಿ ನೂರು ಬಗೆ ಗಿಡ ಹುಟ್ಟುತ್ತವೆ. ವಿಷ ಹಾಕುವ ಮರವೇನಲ್ಲ.

ವಾಟ್ಸ್ಯಾಪ್ ಮೆಸೇಜ್ ಮಾತ್ರ ಪೂರ್ತಿ ಬಿಟ್ಟುಬಿಡಿ. ಐದು ವರ್ಷಕ್ಕೆ ಫಸಲು ಎಂದು ಯಾರಾದರೂ ಹೇಳಿದರೆ ಯಾವ ಊರಿನ, ಯಾವ ತೋಟದ ಲೆಕ್ಕ ಎಂದು ಕೇಳಿ. ಬೀಜದಿಂದ ಎದ್ದ ಕಾಡುಮರ ಯಾವಾಗ ಕಾಯಿ ಬಿಡುತ್ತದೆ ಎಂದು ಮೊದಲೇ ಬರೆದುಕೊಡುವವರಿಲ್ಲ. ಆಗ್ನೇಯ ಏಷ್ಯಾದ ಕಾಡಿನಲ್ಲಿ ಇವು ಪ್ರತಿವರ್ಷ ಒಂದೇ ಸಮನೆ ಫಲ ಕೊಡುವುದೂ ಇಲ್ಲ. ಕೆಲವು ವರ್ಷ ಸುಮ್ಮನಿದ್ದು, ಒಂದು ವರ್ಷ ಕಾಡಿಗೆ ಕಾಡೇ ಒಟ್ಟಿಗೆ ಬೀಜ ಸುರಿಸುತ್ತದೆ. ತಿನ್ನುವ ಪ್ರಾಣಿಗಳಿಗೆ ತಿಂದು ಮುಗಿಸಲು ಆಗಬಾರದು, ಅದೇ ಉಪಾಯ. ಮರಕ್ಕೆ ಇದು ಒಳ್ಳೆಯದು, ಬ್ಯಾಂಕ್ ಸಾಲದ ಕಂತಿಗೆ ಒಳ್ಳೆಯದಲ್ಲ. ಹೂವಾಗಿ ಕಾಯಿ ಬಲಿಯಲು ಹಲವು ಜಾತಿಗಳಿಗೆ ಎರಡನೇ ವರ್ಷ ಬೇಕು. ಈ ಕುಟುಂಬದ ಬಹಳಷ್ಟು ಮರಗಳು ತಮ್ಮದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಹತ್ತಿರದಲ್ಲಿ ಬೇರೆ ಮರ ಇರಬೇಕು. ಬೀಜ ಬಲಿಯುವ ಮೊದಲೇ ಸೊಂಡಿಲಹುಳು ಒಳಗೆ ಮೊಟ್ಟೆ ಇಟ್ಟಿರುತ್ತದೆ. ಇಷ್ಟೆಲ್ಲ ದಾಟಿ ಬಂದರೆ ಹೆಬ್ರಿಯ ಮಂಗಗಳಿವೆ. ಮುಳ್ಳು ಇದೆ ಎಂದು ಅವು ಬಿಟ್ಟಾವು ಎಂದು ನನಗಂತೂ ನಂಬಿಕೆಯಿಲ್ಲ. ಎಳನೀರು ಬಿಡದ ಜಾತಿ.

ಶುಗರ್ ವಿಷಯವೂ ಹಾಗೆಯೇ. ಗೇರುಬೀಜ, ಬಾದಾಮಿಯಲ್ಲಿ ಎಣ್ಣೆ ಜಾಸ್ತಿ. ಚೆಸ್ಟ್‌ನಟ್ ಬಗೆಯ ಬೀಜದಲ್ಲಿ ಪಿಷ್ಟ ಜಾಸ್ತಿ. ಅನ್ನ, ಹಲಸಿನ ಬೀಜ ಲೆಕ್ಕ ಹಾಕಿ ತಿನ್ನುವವರು ಇದನ್ನೂ ಲೆಕ್ಕ ಹಾಕಿಯೇ ತಿನ್ನಬೇಕು. ರಬ್ಬರ್ ತೋಟದವರಾದ್ದರಿಂದ ಇನ್ನೊಂದು ಹೇಳುತ್ತೇನೆ: ರಬ್ಬರ್ ಹಾಲು ಅಥವಾ ರಬ್ಬರ್ ಕೈಗವಸಿನಿಂದ ಮೈ ತುರಿಕೆ, ದದ್ದು ಬರುವವರಲ್ಲಿ ಕೆಲವರಿಗೆ ಚೆಸ್ಟ್‌ನಟ್ ತಿಂದರೂ ಅಲರ್ಜಿ ಆಗುತ್ತದೆ. ಬಾಳೆಹಣ್ಣು, ಬೆಣ್ಣೆಹಣ್ಣಿಗೂ ಹೀಗಾಗುವುದುಂಟು. ಮನೆಯಲ್ಲಿ ಟ್ಯಾಪಿಂಗ್ ಮಾಡಿ ಆ ತೊಂದರೆ ಇದ್ದವರು ಯಾರಾದರೂ ಇದ್ದರೆ ನೆನಪಿಡಿ.

ಬೀಜ ಯಾಕೆ ತರಬಾರದು ಎಂದೆ? ಮೊದಲನೆಯದಾಗಿ ಕಾನೂನು. 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಬಿತ್ತುವ ಬೀಜ ಹೊರದೇಶದಿಂದ ತರಲು ಇಲ್ಲಿಂದ ಆಮದು ಪರವಾನಗಿ ಬೇಕು, ಅಲ್ಲಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆದೇಶದ ಪಟ್ಟಿಯಲ್ಲಿ ಇಲ್ಲದ ಬೆಳೆಯಾದರೆ ಮೊದಲು ಅದರ ರೋಗ, ಕೀಟದ ಅಪಾಯ ಎಷ್ಟೆಂದು ವಿಶ್ಲೇಷಣೆ ಆಗಬೇಕು. ಒಬ್ಬ ಕೃಷಿಕ ಎರಡು ಕಿಲೋ ಬೀಜಕ್ಕೆ ಇದನ್ನೆಲ್ಲ ಮಾಡಿಸಿಕೊಂಡು ಕೂರುವುದು ಆಗುಹೋಗುವ ಮಾತಲ್ಲ. ಬೇರಿನ ಜೊತೆಗಾರ ಶಿಲೀಂಧ್ರ ಬೇಕಲ್ಲ ಎಂದು ಅಲ್ಲಿಯ ಮರದ ಬುಡದ ಒಂದು ಹಿಡಿ ಮಣ್ಣು ತರಿಸುವ ಯೋಚನೆಯಂತೂ ಬೇಡವೇ ಬೇಡ. ಮಣ್ಣು ತರುವುದು ಇನ್ನೂ ದೊಡ್ಡ ತಪ್ಪು.

ಇದನ್ನು ಬರೀ ಕಾಗದದ ಕಿರಿಕಿರಿ ಎಂದುಕೊಳ್ಳಬೇಡಿ. ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಚೆಸ್ಟ್‌ನಟ್ ಒಂದು ಮುಖ್ಯ ಮರವಾಗಿತ್ತು. ಏಷ್ಯಾದಿಂದ ತಂದ ಅದೇ ಬಳಗದ ಗಿಡಗಳ ಜೊತೆ ಒಂದು ಶಿಲೀಂಧ್ರವೂ ಬಂತು. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲು ಕಣ್ಣಿಗೆ ಬಿತ್ತು. ಏಷ್ಯಾದ ಗಿಡಕ್ಕೆ ಅದರಿಂದ ಹೆಚ್ಚು ತೊಂದರೆ ಇರಲಿಲ್ಲ, ಅಭ್ಯಾಸವಾಗಿತ್ತು. ಅಮೆರಿಕದ ಮರಕ್ಕೆ ಅದು ಹೊಸದು. ತೊಗಟೆಯ ಗಾಯದಲ್ಲಿ ಹೊಕ್ಕು, ಕಾಂಡದ ಸುತ್ತ ಬಳಸಿ, ಮೇಲಿನ ಭಾಗ ಒಣಗಿಸಿಬಿಡುತ್ತಿತ್ತು. ಸುಮಾರು 50 ವರ್ಷದಲ್ಲಿ 300ರಿಂದ 400 ಕೋಟಿ ಮರ ಹೋದವು ಎಂಬ ಅಂದಾಜಿದೆ. ಹಳೆಯ ಬುಡದಿಂದ ಇಂದಿಗೂ ಚಿಗುರು ಬರುತ್ತದೆ, ಸ್ವಲ್ಪ ದೊಡ್ಡದಾಗುತ್ತಲೇ ಮತ್ತೆ ರೋಗ ಹಿಡಿಯುತ್ತದೆ. ನಮ್ಮಲ್ಲಿ ಓಕ್ ಬಳಗ ಇಲ್ಲ, ನಮಗೇನು ಎನ್ನಬಹುದು. ಬರುವ ಹುಳುವಿಗೆ, ಶಿಲೀಂಧ್ರಕ್ಕೆ ಇಲ್ಲಿಯ ಗೇರೋ ಧೂಪವೋ ರುಚಿಸುತ್ತದೆಯೋ ಇಲ್ಲವೋ ಎಂದು ಬರುವ ಮೊದಲು ಹೇಳುವವರು ಯಾರು?

ಎರಡನೆಯ ಕಾರಣ ಇನ್ನೂ ಸರಳ. ತಂದರೂ ಹುಟ್ಟುವುದು ಅಪರೂಪ. ಈ ಬೀಜವನ್ನು ಭತ್ತದ ಹಾಗೆ ಒಣಗಿಸಿ ಇಡಲು ಆಗುವುದಿಲ್ಲ, ಒಳಗಿನ ತೇವ ಹೋದರೆ ಜೀವ ಹೋಯಿತು. ಸಂತೆಯಲ್ಲಿ ಸಿಗುವುದರಲ್ಲಿ ಬೇಯಿಸಿದ್ದು ಎಷ್ಟೋ, ವಾರಗಟ್ಟಲೆ ಬಿಸಿಲಿನಲ್ಲಿ ಇಟ್ಟದ್ದು ಎಷ್ಟೋ. ಅಳಿಯ ಫೋಟೋ ತೆಗೆದು ತರಲಿ, ಅದಕ್ಕೆ ಯಾವ ಪರವಾನಗಿಯೂ ಬೇಡ. ಎಲೆಯ ಮೇಲೆ, ಕೆಳಗೆ, ಕಾಯಿಯ ಕವಚ, ಬೀಜದ ಬುಡದ ಗುರುತು, ಪಕ್ಕದಲ್ಲಿ ಒಂದು ಸ್ಕೇಲ್. ಜಾತಿ ಪತ್ತೆ ಮಾಡಲು ಪ್ರಯತ್ನಿಸೋಣ.

ಇಷ್ಟಾದ ಮೇಲೂ ಈ ಕುಟುಂಬದ ಮರ ಒಂದು ನನ್ನ ಜಾಗದಲ್ಲಿ ಇರಬೇಕು ಎನಿಸಿದರೆ ಅದಕ್ಕೆ ದಾರಿ ಇದೆ. ನಮ್ಮದೇ ದೇಶದ ಕ್ಯಾಸ್ಟನಾಪ್ಸಿಸ್ ಇಂಡಿಕಾ. ಸಿಕ್ಕಿಂ, ಡಾರ್ಜಿಲಿಂಗ್, ಮೇಘಾಲಯದ ಬೆಟ್ಟಗಳ ಮರ. ನೇಪಾಳಿಯಲ್ಲಿ ಈ ಬಳಗದ ಮರಗಳಿಗೆ ಕಟುಸ್ ಎನ್ನುತ್ತಾರೆ, ಬೀಜ ಹುರಿದು ತಿನ್ನುತ್ತಾರೆ. ಅಲ್ಲಿ ನಮ್ಮ ಹಾಗೆಯೇ ಮುಂಗಾರು, ಆಮೇಲೆ ಒಣ ತಿಂಗಳು. ಆ ಮಟ್ಟಿಗೆ ಮಲೇಷ್ಯಾದ ಮರಕ್ಕಿಂತ ಇದು ನಮಗೆ ಹತ್ತಿರ. ಆದರೆ ಅಲ್ಲಿನ ಒಣ ತಿಂಗಳು ಚಳಿಯದ್ದು, ನಮ್ಮದು ಸುಡು ಬಿಸಿಲಿನದ್ದು. ಬದುಕಿದರೂ ಕಾಯಿ ಬಿಟ್ಟೀತು ಎಂದು ನಾನು ಮಾತು ಕೊಡುವುದಿಲ್ಲ. ಆಸಕ್ತಿಗೆ ಎಂಟು ಹತ್ತು ಗಿಡ ಹಾಕಿ, ಅದಕ್ಕಿಂತ ಜಾಸ್ತಿ ಬೇಡ.

ಹಾಕುವುದಾದರೆ ಕೆಳಗಿನ ಮಣ್ಣಿನ ಭಾಗದಲ್ಲೇ ಹಾಕಿ, ಮೇಲಿನ ಮುರಕಲ್ಲಿನಲ್ಲಿ ಬೇಡ. ಸಿಕ್ಕಿಂ, ಮೇಘಾಲಯದ ಕಡೆ ಬೀಜ ಬಲಿಯುವುದು ಮಳೆಗಾಲ ಕಳೆದ ಮೇಲೆ. ಬಂದ ಬೀಜವನ್ನು ನೀರಿಗೆ ಹಾಕಿ, ತೇಲಿದ್ದು, ಸಣ್ಣ ತೂತು ಇದ್ದದ್ದು ಬಿಸಾಡಿ, ಮುಳುಗಿದ್ದನ್ನು ಅಂದೇ ಊರಿ. ಮೊದಲು ಹೊರಬರುವುದು ಬೇರು. ಚೂಪು ತುದಿಯಿಂದ ಇಳಿದು, ಮೇಲೆ ಒಂದು ಎಲೆ ಕಾಣುವ ಹೊತ್ತಿಗೆ ಕೆಳಗೆ ಉದ್ದವಾಗಿ ಹೋಗಿರುತ್ತದೆ. ಬೀಜದ ಬೇಳೆಗಳು ಚಿಪ್ಪಿನೊಳಗೇ ಮಣ್ಣಿನಲ್ಲಿ ಉಳಿಯುತ್ತವೆ. ಅದಕ್ಕೇ ಇದಕ್ಕೆ ಗಿಡ್ಡ ತೊಟ್ಟೆ (ಪ್ಲಾಸ್ಟಿಕ್ ಚೀಲ) ಆಗುವುದಿಲ್ಲ, ಉದ್ದನೆಯದೇ ಬೇಕು. ತಾಯಿಬೇರು ತೊಟ್ಟೆಯ ತಳದಲ್ಲಿ ಸುತ್ತಿಕೊಂಡರೆ ಆ ಗಿಡ ಮುಂದೆ ಎಷ್ಟು ನೀರು ಹಾಕಿದರೂ ನೆಟ್ಟಗೆ ನಿಲ್ಲುವುದಿಲ್ಲ. ಮೊದಲ ಬೇಸಿಗೆ ನೆರಳುಬಲೆಯ ಅಡಿಯಲ್ಲಿ ಕಳೆಯಲಿ, ಜೂನ್‌ನಲ್ಲಿ ಭೂಮಿಗೆ ಇಳಿಸಿ. ಹೊಂಡ ತೆಗೆಯುವಾಗ ಗಟ್ಟಿ ಪದರ ಸಿಕ್ಕರೆ ಪಿಕ್ಕಾಸಿನಿಂದ ಒಡೆದು ಒಂದು ಬದಿಗೆ ನೀರು ಹೋಗುವ ದಾರಿ ಮಾಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ನೀವು ಮಾಡಿದ್ದು ಹೊಂಡವಲ್ಲ, ಬಾವಿ. ಸುತ್ತ ಬಾಳೆ ಅಥವಾ ಗ್ಲಿರಿಸಿಡಿಯಾ ನೆರಳಿಗೆ, ಬುಡಕ್ಕೆ ದಪ್ಪಗೆ ತರಗೆಲೆ, ತೆಂಗಿನ ಸಿಪ್ಪೆ. ಮೂರು ನಾಲ್ಕು ಬೇಸಿಗೆ ನೀರು ಕೊಡಲೇಬೇಕು. ಹತ್ತು ಗಿಡಕ್ಕೆ ಅಷ್ಟು ನೀರು ಹೇಗೋ ಆದೀತು, ಒಂದೂವರೆ ಎಕರೆಗೆ ಆಗದು.

ಕಡಿಯುವ ದಿನದ ಬಗ್ಗೆಯೂ ಈಗಲೇ ಯೋಚಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ಕಡಿಯಬಹುದಾದ ಮರಗಳ ಪಟ್ಟಿ ಇದೆ. ರಬ್ಬರ್ ಕಡಿಸುವಾಗ ನಿಮಗೆ ತೊಂದರೆ ಆಗಿರಲಿಕ್ಕಿಲ್ಲ. ಪಟ್ಟಿಯಲ್ಲಿ ಇಲ್ಲದ ಮರ ನಿಮ್ಮದೇ ಜಾಗದಲ್ಲಿ ನೀವೇ ನೆಟ್ಟದ್ದಾದರೂ ಅನುಮತಿ ಕೇಳಬೇಕು. ಊರಿನ ಮರಕ್ಕೂ ಈ ಮಾತು ಅನ್ವಯಿಸುತ್ತದೆ.

ನನ್ನನ್ನು ಕೇಳಿದರೆ, ನಿಮ್ಮ ಜಾಗದ ಮುಖ್ಯ ಪಾಲು ಹೆಬ್ಬಲಸು ಮತ್ತು ಪುನರ್ಪುಳಿಗೆ ಬಿಡಿ. ಹುರಿದು ತಿನ್ನುವ ಬೀಜ ಕೊಡುವ ಮಳೆಕಾಡಿನ ದೊಡ್ಡ ಮರ ಬೇಕು, ಅದೇ ತಾನೇ ನಿಮ್ಮ ಆಸೆ? ಹೆಬ್ಬಲಸು ಅದೇ ಮರ. ತುಳುವಿನಲ್ಲಿ ಪೆಜ. ಅದರ ಹಣ್ಣು ತಿಂದು ಬೀಜ ಹುರಿದು ತಿನ್ನುವುದು ಹಿಂದೆ ಮಕ್ಕಳಿಗೆಲ್ಲ ಗೊತ್ತಿತ್ತು, ಈಗ ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ) ಮಾಡುವವರೇ ಕಡಿಮೆ, ಪೆಜಕಾಯಿಯನ್ನು ಕೇಳುವವರಿಲ್ಲ. ಓಕ್ ಕುಟುಂಬವಲ್ಲ, ಹಲಸಿನ ಕುಟುಂಬ. ಆದರೆ ನಮ್ಮ ಐದು ತಿಂಗಳ ಬೇಸಿಗೆ ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಬೇರು ಊರಿದ ಮೇಲೆ ನೀರು ಕೇಳುವುದಿಲ್ಲ. ಮರಮಟ್ಟಿಗೆ ಬೇಡಿಕೆ ಇದೆ, ದೋಣಿಗೆ, ಮನೆಗೆ ಹಿಂದಿನಿಂದ ಬಳಸಿದ ಮರ. ಪುನರ್ಪುಳಿ ಅದರ ಅರೆನೆರಳಿನಲ್ಲಿ ಬರುತ್ತದೆ, ಸಿಪ್ಪೆಗೆ ವ್ಯಾಪಾರಿ ಮನೆಗೇ ಬರುತ್ತಾನೆ. ಪುನರ್ಪುಳಿಯಲ್ಲಿ ಗಂಡುಗಿಡ, ಹೆಣ್ಣುಗಿಡ ಬೇರೆ ಬೇರೆ ಇರುವುದರಿಂದ ಬೀಜದ ಗಿಡ ನಂಬಬೇಡಿ, ಕಸಿ ಗಿಡ ತನ್ನಿ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಬದಿಯಲ್ಲಿ ನಾಲ್ಕಾರು ಕಿರಾಲ್‌ಬೋಗಿ ಇರಲಿ, ಅದು ನಿಮ್ಮ ಕಾಲಕ್ಕಲ್ಲ, ಮೊಮ್ಮಕ್ಕಳ ಕಾಲಕ್ಕೆ.

ಏನೇ ಹಾಕುವ ಮೊದಲು ರಬ್ಬರ್ ಬುಡಗಳನ್ನು ಕಿತ್ತು ತೆಗೆಯಿರಿ. ಇದನ್ನು ನೀವು ಕೇಳಿಲ್ಲ, ಆದರೆ ಹಳೇ ರಬ್ಬರ್ ಜಾಗದಲ್ಲಿ ಹೊಸ ಗಿಡ ಸಾಯುವುದನ್ನು ನೋಡಿದಾಗಲೆಲ್ಲ ನಾನು ಮೊದಲು ಹುಡುಕುವುದು ಇದನ್ನೇ. ಕೊಳೆಯುವ ಬುಡದಲ್ಲಿ ಕಂದು ಬೇರುಕೊಳೆಯ ಶಿಲೀಂಧ್ರ ವರ್ಷಗಟ್ಟಲೆ ಜೀವ ಹಿಡಿದು ಕೂತಿರುತ್ತದೆ, ಪಕ್ಕದ ಹೊಸ ಗಿಡದ ಬೇರು ತಾಗಿದ ಕೂಡಲೇ ದಾಟುತ್ತದೆ. ಒಂದೆರಡು ಬುಡ ಅಗೆದು ಬೇರು ತೊಳೆದು ನೋಡಿ. ಬೇರಿಗೆ ಮಣ್ಣು, ಸಣ್ಣ ಕಲ್ಲು ಗಟ್ಟಿಯಾಗಿ ಅಂಟಿಕೊಂಡು ತೊಳೆದರೂ ಬಿಡದಿದ್ದರೆ, ಸೀಳಿದಾಗ ಒಳಗೆ ಕಂದು ಗೆರೆಗಳು ಕಂಡರೆ, ಆ ಜಾಗದ ಬೇರನ್ನೆಲ್ಲ ಹೆಕ್ಕಿ ಸುಟ್ಟು, ಅಲ್ಲಿ ಒಂದೆರಡು ವರ್ಷ ಬಾಳೆಯೋ ಗೆಡ್ಡೆಯೋ ಹಾಕಿ. ಜೆಸಿಬಿ ಕೆಲಸ ಮಾರ್ಚ್ ಒಳಗೆ ಮುಗಿಯಲಿ, ಅಗೆದ ಮಣ್ಣಿಗೆ ಬಿಸಿಲು ತಾಗಬೇಕು. ಪೆಜಕಾಯಿ ಹಣ್ಣಾಗಿ ಬೀಳುವುದು ಮೇ ತಿಂಗಳಿಗೆ. ಕಾಂಡ ನೆಟ್ಟಗಿರುವ ಮರ ನೋಡಿ ಈಗಲೇ ಗುರುತು ಮಾಡಿಕೊಳ್ಳಿ. ಆ ಬೀಜವೂ ಒಣಗಿದರೆ ಹುಟ್ಟುವುದಿಲ್ಲ, ಹೆಕ್ಕಿದ ವಾರದಲ್ಲೇ ಊರಿಬಿಡಿ.